ಎಳೆಯ ಮಕ್ಕಳ ಅತಿಸಾರ: ಅಪಾಯದ ಮೂಲಗಳು

ಇಪ್ಪತ್ನಾಲ್ಕು ಗಂಟೆಗಳೊಳಗೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಮಲ ನೀರಾಗಿ ಹೋದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅತಿಸಾರ ಎಂದು ಪರಿಗಣಿಸುತ್ತದೆ. ಆಡುಮಾತಿನಲ್ಲಿ ಇದೇ ಭೇದಿ. ಎದೆಹಾಲನ್ನಷ್ಟೇ ಕುಡಿಯುವ ಕೂಸು ದಿನಕ್ಕೆ ಆರೇಳು ಸಲ ಹಳದಿಯಾಗಿ, ಮೆತ್ತಗೆ ಹೋಗುವುದು ಕಾಯಿಲೆಯಲ್ಲ. ಆದ್ದರಿಂದ ಎಣಿಕೆಗಿಂತಲೂ ಆ ಮಗುವಿನ ಎಂದಿನ ರೂಢಿ ಬದಲಾಯಿತೇ ಎಂಬುದು ಮುಖ್ಯ. ಅದನ್ನು ತಾಯಿಯಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು. ವೈದ್ಯರು ಇದರಲ್ಲಿ ಮೂರು ಬಗೆ ಗುರುತಿಸುತ್ತಾರೆ: ಥಟ್ಟನೆ ಶುರುವಾಗುವ ನೀರುಭೇದಿ, ಮಲದಲ್ಲಿ ರಕ್ತ ಕಾಣುವ ಆಮಶಂಕೆ, ಹದಿನಾಲ್ಕು ದಿನ ಕಳೆದರೂ ನಿಲ್ಲದ ದೀರ್ಘ ಅತಿಸಾರ. ಮೊದಲನೆಯದು ದೇಹದ ನೀರು ಬತ್ತಿಸಿ ಗಂಟೆಗಳ ಲೆಕ್ಕದಲ್ಲಿ ಕೊಲ್ಲಬಲ್ಲದು. ಎರಡನೆಯದು ಕರುಳಿನ ಒಳಪದರವನ್ನೇ ಘಾಸಿಗೊಳಿಸುತ್ತದೆ. ಮೂರನೆಯದು ಮಗುವನ್ನು ಸದ್ದಿಲ್ಲದೆ ಸೊರಗಿಸುತ್ತದೆ.

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 170 ಕೋಟಿ ಸಲ ಮಕ್ಕಳು ಅತಿಸಾರಕ್ಕೆ ಬೀಳುತ್ತಾರೆಂದೂ, ಐದು ವರ್ಷದೊಳಗಿನ ಸುಮಾರು 4.4 ಲಕ್ಷ ಮಕ್ಕಳು ಅದರಿಂದ ಸಾಯುತ್ತಾರೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 1980ರ ದಶಕದ ಆರಂಭದಲ್ಲಿ ಈ ಸಾವಿನ ಅಂದಾಜು ವರ್ಷಕ್ಕೆ 46 ಲಕ್ಷದಷ್ಟಿತ್ತು. ಸಾವು ಇಳಿದಷ್ಟು ವೇಗವಾಗಿ ಕಾಯಿಲೆ ಬೀಳುವುದು ಇಳಿದಿಲ್ಲ. ಭಾರತದಲ್ಲಿ 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದಾಗ, ಅದಕ್ಕೆ ಹಿಂದಿನ ಎರಡು ವಾರಗಳಲ್ಲಿ ಐದು ವರ್ಷದೊಳಗಿನ ಶೇ. 7.3 ಮಕ್ಕಳಿಗೆ ಭೇದಿಯಾಗಿತ್ತು. ಬಿಹಾರದಲ್ಲಿ ಈ ಪ್ರಮಾಣ ಶೇ. 13.7.

ಈ ರೋಗದ ಅಪಾಯಕಾರಕ ಅಂಶಗಳನ್ನು ಆರೋಗ್ಯ ಇಲಾಖೆಯ ಭಿತ್ತಿಪತ್ರಗಳು ಒಂದರ ಕೆಳಗೊಂದು ಬರೆಯುತ್ತವೆ: ಕೊಳಕು ನೀರು, ತೊಳೆಯದ ಕೈ, ಬಾಟಲಿ ಹಾಲು, ಶೌಚಾಲಯ ಇಲ್ಲದಿರುವುದು. ಮಗುವಿನ ಬದುಕಿನಲ್ಲಿ ಇವು ಬಿಡಿಬಿಡಿಯಾಗಿ ಬರುವುದಿಲ್ಲ. ಒಂದು ಕೋಣೆಯ ಮನೆ, ಮೂರು ದಿನಕ್ಕೊಮ್ಮೆ ಬರುವ ನಲ್ಲಿ ನೀರು, ಕೂಲಿಗೆ ಹೋಗಲೇಬೇಕಾದ ತಾಯಿ, ಕಡಿಮೆ ತೂಕದ ಕೂಸು, ಎಲ್ಲವೂ ಒಂದೇ ಸೂರಿನ ಕೆಳಗಿರುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ಸರಿಪಡಿಸಿದ ಹಲವು ದೊಡ್ಡ ಪ್ರಯೋಗಗಳು ನಿರಾಸೆ ತಂದದ್ದು ಇದರಿಂದಲೇ. ಇನ್ನೊಂದು ವಿಷಯವನ್ನೂ ಮೊದಲಿಗೇ ಬೇರ್ಪಡಿಸಿ ನೋಡಬೇಕು: ಮಗು ಭೇದಿಗೆ ಬೀಳುವ ಕಾರಣಗಳೇ ಬೇರೆ, ಭೇದಿಗೆ ಬಿದ್ದ ಮಗು ಸಾಯುವ ಕಾರಣಗಳೇ ಬೇರೆ.

ವಯಸ್ಸು

ಅತಿಸಾರ ಅತಿ ಹೆಚ್ಚು ಕಾಡುವುದು ಆರರಿಂದ ಹನ್ನೊಂದು ತಿಂಗಳ ಕೂಸುಗಳನ್ನು. ಆ ಕೆಲವೇ ತಿಂಗಳಲ್ಲಿ ಮೂರು ಬದಲಾವಣೆಗಳು ಒಟ್ಟಿಗೆ ಆಗುತ್ತವೆ. ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ಪ್ರತಿಕಾಯಗಳು ಕರಗಿಹೋಗಿರುತ್ತವೆ, ಮಗುವಿನ ಸ್ವಂತ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಹಾಲಿನ ಜೊತೆ ಮೇಲೂಟ ಶುರುವಾಗುತ್ತದೆ. ಮಗು ಅಂಬೆಗಾಲಿಕ್ಕಿ ನೆಲದ ಮೇಲೆಲ್ಲ ಓಡಾಡುತ್ತಾ ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟುಕೊಳ್ಳುತ್ತದೆ.

ಹಲ್ಲು ಮೊಳೆಯುವಾಗ ಭೇದಿಯಾಗುವುದು ಸಹಜ ಎಂಬ ನಂಬಿಕೆ ಕನ್ನಡನಾಡಿನ ಉದ್ದಗಲಕ್ಕೂ ಇದೆ. ಹಲ್ಲು ಭೇದಿಯನ್ನು ತರುವುದಿಲ್ಲ. ವಸಡು ನವೆಯಾಗಿ ಮಗು ಕೈಗೆ ಸಿಕ್ಕಿದ್ದನ್ನು ಕಚ್ಚುತ್ತದೆ, ರೋಗಾಣು ಆ ದಾರಿಯಲ್ಲಿ ಒಳಹೋಗುತ್ತದೆ, ಎರಡೂ ಒಂದೇ ವಯಸ್ಸಿನಲ್ಲಿ ನಡೆಯುತ್ತವೆ. ಈ ನಂಬಿಕೆಯಿಂದ ಆಗುವ ನಿಜವಾದ ಹಾನಿಯೆಂದರೆ, ‘ಹಲ್ಲು ಬಂದರೆ ತಾನೇ ನಿಲ್ಲುತ್ತದೆ’ ಎಂದು ಮನೆಯವರು ಕಾಯುತ್ತಾ ಕೂರುವುದು. ಎಳೆಗೂಸಿಗೆ ಅಷ್ಟು ಸಮಯವಿರುವುದಿಲ್ಲ. ದೇಹದ ತೂಕಕ್ಕೆ ಹೋಲಿಸಿದರೆ ಶಿಶುವಿನಲ್ಲಿ ನೀರಿನ ಪಾಲು ದೊಡ್ಡವರಿಗಿಂತ ಹೆಚ್ಚು, ದಿನವೂ ಒಳಹೋಗಿ ಹೊರಬರುವ ನೀರಿನ ಪ್ರಮಾಣವೂ ಹೆಚ್ಚು. ದೊಡ್ಡವರು ಸುಸ್ತಾಗಿ ಮಲಗುವಷ್ಟು ಭೇದಿಯಲ್ಲಿ ಶಿಶು ಪ್ರಾಣಾಪಾಯಕ್ಕೆ ತಲುಪಿಬಿಡುತ್ತದೆ.

ಎದೆಹಾಲು, ಬಾಟಲಿ, ಮೇಲೂಟ

ಮೊದಲ ಆರು ತಿಂಗಳು ಎದೆಹಾಲನ್ನಲ್ಲದೆ ನೀರನ್ನೂ ಕೊಡದಿರುವುದು ಅತಿಸಾರದ ವಿರುದ್ಧ ಇರುವ ಅತ್ಯಂತ ಗಟ್ಟಿ ರಕ್ಷಣೆ. 2011ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆಯ ಪ್ರಕಾರ, ಕೇವಲ ಎದೆಹಾಲು ಕುಡಿಯುವ ಆರು ತಿಂಗಳೊಳಗಿನ ಶಿಶುಗಳಿಗೆ ಹೋಲಿಸಿದರೆ ಎದೆಹಾಲೇ ಸಿಗದ ಶಿಶುಗಳು ಅತಿಸಾರದಿಂದ ಸಾಯುವ ಅಪಾಯ ಸುಮಾರು ಹತ್ತು ಪಟ್ಟು ಹೆಚ್ಚು. ಇದಕ್ಕೆ ಎರಡು ಕಾರಣಗಳಿವೆ. ಎದೆಹಾಲಿನಲ್ಲಿರುವ ಪ್ರತಿಕಾಯಗಳು ಮತ್ತು ವಿಶಿಷ್ಟ ಸಕ್ಕರೆಗಳು ರೋಗಾಣು ಕರುಳಿನ ಗೋಡೆಗೆ ಅಂಟದಂತೆ ತಡೆಯುತ್ತವೆ. ಜೊತೆಗೆ, ಹೊರಗಿನ ನೀರು, ಪಾತ್ರೆ, ಕೈ ಯಾವುದೂ ಮಗುವಿನ ಬಾಯಿಯ ಹತ್ತಿರ ಸುಳಿಯುವುದಿಲ್ಲ.

ಈ ರಕ್ಷಣೆಗೆ ಧಕ್ಕೆಯಾಗುವುದು ಬಹಳ ಸಲ ಹುಟ್ಟಿದ ಮೊದಲ ದಿನವೇ. ಜೇನು ನೆಕ್ಕಿಸುವುದು, ಸಕ್ಕರೆ ನೀರು ಹಾಕುವುದು, ಬಜೆ ತೇಯ್ದು ನಾಲಿಗೆಗೆ ಹಚ್ಚುವುದು, ಹೊಟ್ಟೆ ಶುದ್ಧಿಗೆಂದು ಹರಳೆಣ್ಣೆ ಕುಡಿಸುವುದು, ಬೀದಿಯಲ್ಲಿ ಮಾರಿಕೊಂಡು ಬರುವ ಕತ್ತೆಹಾಲಿನ ಒಂದು ಗುಟುಕು, ಇವೆಲ್ಲ ಕರ್ನಾಟಕದ ಹಳ್ಳಿ ಪಟ್ಟಣಗಳೆರಡರಲ್ಲೂ ಇಂದಿಗೂ ನಡೆಯುತ್ತವೆ. ಹಿರಿಯರು ಇದನ್ನು ಮಗುವಿನ ಮೇಲಿನ ಅಕ್ಕರೆಯಿಂದಲೇ ಮಾಡುತ್ತಾರೆ. ಆದರೆ ತೇಯುವ ಕಲ್ಲು, ಒಳಲೆ, ಅದ್ದಿದ ಬೆರಳು ಇವೆಲ್ಲ ಇನ್ನೂ ಯಾವ ರೋಗಾಣುವನ್ನೂ ಕಾಣದ ಕರುಳಿಗೆ ನೇರ ದಾರಿ ಮಾಡಿಕೊಡುತ್ತವೆ. ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಶೇ. 41.8 ಶಿಶುಗಳಿಗೆ ಮಾತ್ರ. ಆರು ತಿಂಗಳೊಳಗಿನ ಮಕ್ಕಳಲ್ಲಿ ಕೇವಲ ಎದೆಹಾಲು ಕುಡಿಯುತ್ತಿದ್ದವರು ಶೇ. 63.7.

ಹಾಲಿನ ಬಾಟಲಿಯ ಅಪಾಯ ಅದರ ರಬ್ಬರ್ ತೊಟ್ಟಿನಲ್ಲೂ ಕತ್ತಿನ ಒಳಮೂಲೆಗಳಲ್ಲೂ ಇದೆ. ಅಲ್ಲಿ ಉಳಿದ ಹಾಲಿನ ಜಿಡ್ಡಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಪ್ರತಿ ಸಲ ಕುದಿಸಿ ತೊಳೆಯಲು ಬೇಕಾದ ಉರುವಲು, ನೀರು, ಬಿಡುವು ಬಡ ಮನೆಗಳಲ್ಲಿರುವುದಿಲ್ಲ. ಹಾಲಿನ ಪುಡಿ ದುಬಾರಿಯೆಂದು ಹೆಚ್ಚು ನೀರು ಬೆರೆಸಿದಾಗ ಮಗುವಿಗೆ ಸೋಂಕೂ ಹಸಿವೂ ಒಟ್ಟಿಗೇ ತಗಲುತ್ತವೆ. ಶಿಶು ಹಾಲಿನ ಪುಡಿ, ಬಾಟಲಿ ಮತ್ತು ಶಿಶು ಆಹಾರಗಳ ಜಾಹೀರಾತು ಹಾಗೂ ಪ್ರಚಾರವನ್ನು ಭಾರತ 1992ರ ಕಾಯಿದೆಯಿಂದ ನಿರ್ಬಂಧಿಸಿತು, 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಮೇಲುಹಾಲು ಅನಿವಾರ್ಯವಾದಾಗ ಬಾಟಲಿಗಿಂತ ಬಟ್ಟಲು ಮತ್ತು ಚಮಚ ಎಷ್ಟೋ ಸುರಕ್ಷಿತ. ನಮ್ಮ ಮನೆಗಳ ಒಳಲೆಯೂ ಚೆನ್ನಾಗಿ ಕುದಿಸಿ ಬಳಸಿದರೆ ಇದೇ ಗುಂಪಿಗೆ ಸೇರುತ್ತದೆ.

ಆರು ತಿಂಗಳ ನಂತರದ ಮೇಲೂಟದ ಬಗ್ಗೆ ಆಗಬೇಕಾದಷ್ಟು ಚರ್ಚೆ ಆಗಿಲ್ಲ. ಬೆಳಗ್ಗೆ ಬೇಯಿಸಿದ ರಾಗಿ ಸರಿ ಅಥವಾ ಬೇಳೆ ಅನ್ನ ಬಿಸಿಯಾಗಿದ್ದಾಗ ಸುರಕ್ಷಿತವೇ. ತಾಯಿ ಕೆಲಸಕ್ಕೆ ಹೊರಟ ಮೇಲೆ ಅದೇ ಬಟ್ಟಲು ಮುಚ್ಚಳವಿಲ್ಲದೆ ಮಧ್ಯಾಹ್ನದವರೆಗೂ ಕುಳಿತರೆ, ಬೇಸಿಗೆಯ ಸೆಕೆಯಲ್ಲಿ ಅದರೊಳಗಿನ ಬ್ಯಾಕ್ಟೀರಿಯಾ ಸಾವಿರಾರು ಪಟ್ಟು ಹೆಚ್ಚಬಹುದು. ನೀರಿನಲ್ಲಿ ರೋಗಾಣು ಹೆಚ್ಚೆಂದರೆ ಉಳಿದುಕೊಳ್ಳುತ್ತದೆ, ಅನ್ನದಲ್ಲಿ ಅದು ಸಂಸಾರ ಹೂಡುತ್ತದೆ. ದಶಕಗಳ ಕಾಲ ನೀರಿನ ಮೇಲೆ ನೆಟ್ಟ ಗಮನದಲ್ಲಿ ಒಂದು ಪಾಲನ್ನಾದರೂ ಮಗುವಿನ ಊಟದ ಬಟ್ಟಲಿನ ಮೇಲೆ ಇಟ್ಟಿದ್ದರೆ ಚೆನ್ನಾಗಿತ್ತು.

ನೀರು

ಕುಡಿಯುವ ನೀರಿನ ಮೂಲ ಶುದ್ಧವಾಗಿದ್ದರೆ ಸಾಲದು. ಅದು ಮಗುವಿನ ಲೋಟ ತಲುಪುವವರೆಗೆ ಶುದ್ಧವಾಗಿರಬೇಕು. ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಶೇ. 95.9 ಜನಕ್ಕೆ ‘ಸುಧಾರಿತ’ ನೀರಿನ ಮೂಲ ಸಿಕ್ಕಿದೆ. ಅಂದರೆ ನಲ್ಲಿ, ಕೊಳವೆ ಬಾವಿ, ಬಾಯಿ ಮುಚ್ಚಿ ರಕ್ಷಿಸಿದ ತೋಡುಬಾವಿ ಮೊದಲಾದವು. ಅಷ್ಟಾದರೂ ಭೇದಿ ಉಳಿದಿದೆ. ಏಕೆಂಬುದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ನಮ್ಮ ಹುಬ್ಬಳ್ಳಿ–ಧಾರವಾಡದಲ್ಲಿ.

ವಿಶ್ವ ಬ್ಯಾಂಕಿನ ನೆರವಿನ ಯೋಜನೆಯಡಿ ಹುಬ್ಬಳ್ಳಿ–ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಕೆಲವು ಬಡಾವಣೆಗಳಿಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ನೀರು ಕೊಡುವ ವ್ಯವಸ್ಥೆಯಾಯಿತು. ಅವಳಿನಗರದ ಉಳಿದ ಕಡೆ ಹಲವು ದಿನಗಳಿಗೊಮ್ಮೆ, ಕೆಲವು ಗಂಟೆ ಮಾತ್ರ ನೀರು ಬರುತ್ತಿತ್ತು. ಸಂಶೋಧಕರು ಎರಡೂ ಬಗೆಯ ಬಡಾವಣೆಗಳ ನೀರನ್ನೂ ಮಕ್ಕಳ ಆರೋಗ್ಯವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬಿಟ್ಟು ಬಿಟ್ಟು ಬರುವ ನಲ್ಲಿಯ ಮಾದರಿಗಳಲ್ಲಿ ಸುಮಾರು ಮೂರರಲ್ಲೊಂದರಲ್ಲಿ ಮಲಮೂಲದ ಇ. ಕೋಲಿ ಬ್ಯಾಕ್ಟೀರಿಯಾ ಕಂಡಿತು. ನಿರಂತರ ನಲ್ಲಿಯಲ್ಲಿ ಅದು ತೀರ ಅಪರೂಪ. ಕೊಳವೆಯಲ್ಲಿ ನೀರಿಲ್ಲದಾಗ ಒಳಗಿನ ಒತ್ತಡ ಇಳಿಯುತ್ತದೆ, ಪಕ್ಕದ ಚರಂಡಿಯ ಕೊಳೆನೀರು ಬಿರುಕುಗಳಿಂದ ಒಳಕ್ಕೆ ಜಿನುಗುತ್ತದೆ. ನೀರು ಬಿಟ್ಟ ಮೊದಲ ಹೊತ್ತಿನಲ್ಲಿ ಆ ಕೊಳೆಯೇ ಮುಂದಾಗಿ ಕೊಡಕ್ಕೆ ಬೀಳುತ್ತದೆ. ನಲ್ಲಿ ಬಂದ ಕೂಡಲೇ ಸ್ವಲ್ಪ ನೀರು ಹರಿಯಬಿಟ್ಟು ಆಮೇಲೆ ಕೊಡ ಇಡುವ ಹೆಂಗಸರ ಅಭ್ಯಾಸಕ್ಕೆ ಗಟ್ಟಿ ಆಧಾರವಿದೆ.

ಇಷ್ಟು ಸ್ಪಷ್ಟ ವ್ಯತ್ಯಾಸವಿದ್ದರೂ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡೂ ಕಡೆಯ ಐದು ವರ್ಷದೊಳಗಿನ ಮಕ್ಕಳ ಒಟ್ಟಾರೆ ಭೇದಿಯ ಪ್ರಮಾಣದಲ್ಲಿ ಗಣನೀಯ ಅಂತರ ಕಾಣಲಿಲ್ಲ. ಆದರೆ ನಿರಂತರ ನೀರಿದ್ದ ಕಡೆ ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಶೇ. 37ರಷ್ಟು ಕಡಿಮೆಯಿತ್ತು, ಟೈಫಾಯ್ಡ್ ಕಂಡ ಮನೆಗಳ ಸಂಖ್ಯೆ ಒಟ್ಟಾರೆಯಾಗಿ ಶೇ. 42ರಷ್ಟು ಕಡಿಮೆಯಿತ್ತು. ಅಂದರೆ ನೀರು ಶುದ್ಧವಾದಾಗ ನೀರಿನ ದಾರಿಯಲ್ಲಿ ಬರುವ ಕೆಲವು ರೋಗಗಳು ಇಳಿಯುತ್ತವೆ. ಕೈಯಿಂದ, ಊಟದಿಂದ, ಅಂಗಳದಿಂದ ಬರುವ ಭೇದಿ ತನ್ನ ದಾರಿಯಲ್ಲಿ ಬರುತ್ತಲೇ ಇರುತ್ತದೆ. ನಿರಂತರ ನೀರು ಬಂದ ಮೇಲೂ ಜನ ಹಳೆಯ ರೂಢಿಯಂತೆ ನೀರು ತುಂಬಿಡುತ್ತಿದ್ದರು, ಹಾಗೆ ತುಂಬಿಟ್ಟ ನೀರು ಮನೆಯೊಳಗೇ ಕೆಡುತ್ತಿತ್ತು ಎಂಬುದೂ ಅಲ್ಲಿ ಕಂಡುಬಂತು.

ತುಂಬಿಡುವ ಪಾತ್ರೆಯ ಬಾಯಿ ಎಷ್ಟು ಅಗಲ ಎಂಬುದು ಸಣ್ಣ ವಿಷಯವಲ್ಲ. ಅಗಲ ಬಾಯಿಯ ಹಂಡೆಗೆ ಲೋಟ ಅದ್ದಿದಾಗಲೆಲ್ಲ ಬೆರಳೂ ಅದ್ದುತ್ತದೆ. ಕಲ್ಕತ್ತೆಯ ಕೊಳೆಗೇರಿಗಳಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗದಲ್ಲಿ, ನೀರು ತುಂಬಿಡಲು ಕಿರಿದಾದ ಕತ್ತಿನ ಮಣ್ಣಿನ ಹೂಜಿ ಕೊಟ್ಟ ಮನೆಗಳಲ್ಲಿ ಕಾಲರಾ ಹರಡುವುದು ಗಣನೀಯವಾಗಿ ತಗ್ಗಿತು. ಇಷ್ಟು ಅಗ್ಗದ ಉಪಾಯ ಮತ್ತೊಂದಿಲ್ಲ, ಆದರೂ ಅದು ಯಾವ ಸರಕಾರಿ ಯೋಜನೆಯ ಕೇಂದ್ರಕ್ಕೂ ಬರಲಿಲ್ಲ. ಇನ್ನು ಚರಂಡಿ ನೀರು ಕೊಳವೆಗೆ ನುಗ್ಗಿ ಊರಿಗೆ ಊರೇ ಮಲಗುವ ದುರಂತಗಳು ನಮ್ಮಲ್ಲಿ ನಿಂತಿಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು.

ಮಲ, ಕೈ, ಅಂಗಳ

ಅತಿಸಾರದ ರೋಗಾಣುಗಳೆಲ್ಲ ಬಹುತೇಕ ಮಲದಿಂದ ಹೊರಟು ಬಾಯಿ ಸೇರುವಂಥವು. ಆದರೆ ಎಷ್ಟು ರೋಗಾಣು ಹೊಟ್ಟೆಗೆ ಹೋದರೆ ಕಾಯಿಲೆ ಬರುತ್ತದೆ ಎಂಬುದರಲ್ಲಿ ಭಾರಿ ವ್ಯತ್ಯಾಸವಿದೆ. ಆರೋಗ್ಯವಂತ ದೊಡ್ಡವರಿಗೆ ಕಾಲರಾ ಬರಲು ಲಕ್ಷಾಂತರ, ಕೋಟ್ಯಂತರ ರೋಗಾಣುಗಳು ಬೇಕಾಗುತ್ತವೆ. ಆಮಶಂಕೆ ತರುವ ಶಿಗೆಲ್ಲಾಗೆ ಹತ್ತರಿಂದ ನೂರು ಸಾಕು. ರೋಟಾ ವೈರಸ್ ಪೀಡಿತ ಮಗುವಿನ ಒಂದು ಗ್ರಾಂ ಮಲದಲ್ಲಿ ಸಾವಿರಾರು ಕೋಟಿ ವೈರಸ್ ಕಣಗಳಿರಬಹುದು, ಇನ್ನೊಂದು ಮಗುವಿಗೆ ತಗಲಲು ನೂರರ ಆಸುಪಾಸು ಕಣಗಳು ಸಾಕು. ಅಷ್ಟು ಸಣ್ಣ ಪ್ರಮಾಣ ಒಂದು ಆಟಿಕೆಯ ಮೇಲೆ, ಸೆರಗಿನ ತುದಿಯಲ್ಲಿ, ಉಗುರಿನ ಸಂದಿಯಲ್ಲಿ ಸುಲಭವಾಗಿ ಉಳಿಯುತ್ತದೆ. ಶುಚಿಯಾದ ನಗರಗಳ ಅನುಕೂಲಸ್ಥ ಮನೆಗಳಲ್ಲೂ ಮಕ್ಕಳಿಗೆ ರೋಟಾ ವೈರಸ್ ತಗಲುವುದು ಇದರಿಂದಲೇ.

ಸೋಪಿನಿಂದ ಕೈ ತೊಳೆದರೆ ಭೇದಿ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗುತ್ತದೆ ಎಂದು ಹಲವು ಪ್ರಯೋಗಗಳ ಒಟ್ಟು ಲೆಕ್ಕ ಹೇಳುತ್ತದೆ. ಕರಾಚಿಯ ಕೊಳೆಗೇರಿಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೋಪು ಕೊಟ್ಟು ಪ್ರತಿ ವಾರ ಮನೆಗೆ ಹೋಗಿ ನೆನಪಿಸಿದ ಕಡೆ ಹದಿನೈದು ವರ್ಷದೊಳಗಿನ ಮಕ್ಕಳ ಭೇದಿ ಶೇ. 53ರಷ್ಟು ಇಳಿಯಿತು. ಇದನ್ನು ಓದಿ ತಾಯಂದಿರ ಸೋಮಾರಿತನವನ್ನು ದೂರುವುದು ಅನ್ಯಾಯ. ಮಗುವಿನ ಅಂಡು ತೊಳೆದಾಗ, ಅಡುಗೆಗೆ ಮುನ್ನ, ಉಣಿಸುವ ಮುನ್ನ, ಸೆಗಣಿ ಬಾಚಿದ ಮೇಲೆ, ಹೀಗೆ ದಿನಕ್ಕೆ ಹತ್ತಿಪ್ಪತ್ತು ಸಲ ಕೈ ತೊಳೆಯಲು ಬೇಕಾಗುವಷ್ಟು ನೀರನ್ನು ದೂರದಿಂದ ಹೊತ್ತು ತರುವವಳು ಅವಳೇ. ಮನೆಯಲ್ಲಿ ನೀರಿನ ಪ್ರಮಾಣ ಕಡಿಮೆಯಿದ್ದರೆ ಅದು ಎಷ್ಟೇ ಶುದ್ಧವಿದ್ದರೂ ಅಪಾಯ ಉಳಿಯುತ್ತದೆ.

ಎಳೆಯ ಮಕ್ಕಳ ಮಲದಿಂದ ಏನೂ ಆಗದು ಎಂಬ ಭಾವನೆ ವ್ಯಾಪಕ. ವಾಸ್ತವ ಇದಕ್ಕೆ ತಿರುಗುಮುರುಗು: ಹೆಚ್ಚು ಸಲ ಸೋಂಕಿಗೆ ಒಳಗಾಗುವವು ಮಕ್ಕಳೇ ಆದ್ದರಿಂದ ಅವುಗಳ ಮಲದಲ್ಲಿ ರೋಗಾಣುಗಳು ಹೆಚ್ಚು. ಶೌಚಾಲಯವಿದ್ದ ಮನೆಗಳಲ್ಲೂ ಮಗುವಿನ ಮಲ ಚರಂಡಿಗೋ ತಿಪ್ಪೆಗೋ ಹೋಗುತ್ತದೆ. ಅಂಗಳದಲ್ಲಿ ಕೋಳಿ, ಮೇಕೆ ಓಡಾಡುತ್ತಿದ್ದರೆ ಕ್ಯಾಂಪಿಲೋಬ್ಯಾಕ್ಟರ್‌ನಂಥ ರೋಗಾಣುಗಳು ಅವುಗಳ ಹಿಕ್ಕೆಯಿಂದಲೂ ಬರುತ್ತವೆ. ನೊಣಗಳ ಪಾಲೂ ಕಡಿಮೆಯಲ್ಲ: ಪಾಕಿಸ್ತಾನದ ಹಳ್ಳಿಗಳಲ್ಲಿ ನೊಣ ನಿಯಂತ್ರಣಕ್ಕೆ ಔಷಧ ಸಿಂಪಡಿಸಿದಾಗ ಮಕ್ಕಳ ಭೇದಿ ಶೇ. 23ರಷ್ಟು ತಗ್ಗಿತ್ತು.

ಹಾಗಾದರೆ ಶೌಚಾಲಯ ಕಟ್ಟಿದರೆ ಸಮಸ್ಯೆ ಮುಗಿಯಬೇಕಲ್ಲವೇ? ಒಡಿಶಾದ ನೂರು ಹಳ್ಳಿಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2014ರಲ್ಲಿ ಹೊರಬಂತು. ಯೋಜನೆ ನಡೆದ ಹಳ್ಳಿಗಳಲ್ಲಿ ಶೌಚಾಲಯವಿರುವ ಮನೆಗಳು ಶೇ. 9ರಿಂದ ಶೇ. 63ಕ್ಕೆ ಏರಿದವು, ಆದರೆ ಮಕ್ಕಳ ಭೇದಿ ಇಳಿಯಲಿಲ್ಲ. ಕಟ್ಟಿದ್ದನ್ನು ಎಲ್ಲರೂ ಬಳಸುತ್ತಿರಲಿಲ್ಲ, ಊರಿನ ಮೂರನೇ ಒಂದು ಭಾಗ ಬಯಲಿಗೇ ಹೋಗುತ್ತಿದ್ದರೆ ಉಳಿದವರ ಮಕ್ಕಳಿಗೂ ರಕ್ಷಣೆ ಸಿಗುವುದಿಲ್ಲ. ಬಾಂಗ್ಲಾದೇಶ ಮತ್ತು ಕೀನ್ಯಾಗಳಲ್ಲಿ ಒಂದೇ ಮಾದರಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗಗಳು ಇನ್ನಷ್ಟು ಯೋಚನೆಗೆ ಹಚ್ಚುತ್ತವೆ. ಬಾಂಗ್ಲಾದೇಶದಲ್ಲಿ ಏನೂ ಕೊಡದ ಗುಂಪಿನ ಮಕ್ಕಳಲ್ಲಿ ಭೇದಿಯ ಪ್ರಮಾಣ ಶೇ. 5.7 ಇದ್ದರೆ, ಶೌಚಾಲಯ ಅಥವಾ ಕೈತೊಳೆಯುವ ವ್ಯವಸ್ಥೆ ಕೊಟ್ಟ ಗುಂಪುಗಳಲ್ಲಿ ಶೇ. 3.5. ಪೂರಕ ಪೌಷ್ಟಿಕಾಂಶ ಪಡೆದ ಗುಂಪಿನಲ್ಲೂ ಅಷ್ಟೇ! ಎಲ್ಲವನ್ನೂ ಒಟ್ಟಿಗೆ ಕೊಟ್ಟಾಗಲೂ ಅದಕ್ಕಿಂತ ಹೆಚ್ಚು ಇಳಿಯಲಿಲ್ಲ. ಕೀನ್ಯಾದಲ್ಲಿ ಯಾವುದರಿಂದಲೂ ಭೇದಿ ಕಡಿಮೆಯಾಗಲಿಲ್ಲ. ಬಾಂಗ್ಲಾದೇಶದ ಕಾರ್ಯಕರ್ತರು ಮನೆಗಳಿಗೆ ಕೀನ್ಯಾಕ್ಕಿಂತ ಎಷ್ಟೋ ಹೆಚ್ಚು ಸಲ ಹೋಗುತ್ತಿದ್ದರು ಎಂಬುದು ಈ ಅಂತರಕ್ಕೆ ಒಂದು ವಿವರಣೆ.

ಈ ಫಲಿತಾಂಶಗಳಿಂದ ಶುಚಿತ್ವ ಬೇಡ ಎಂದು ತೀರ್ಮಾನಿಸುವುದು ತಪ್ಪು. ಒಂದು ಗುಂಡಿ, ಒಂದು ಸೋಪು, ಒಂದು ಬಾಟಲಿ ಕ್ಲೋರಿನ್ ಇಷ್ಟರಿಂದ ಬಡ ಹಳ್ಳಿಯ ಅಂಗಳ ಶುಚಿಯಾಗುವುದಿಲ್ಲ ಎಂಬುದಷ್ಟೇ ಇವುಗಳಿಂದ ಸಿದ್ಧವಾಗುವುದು. ಇಂದು ಶ್ರೀಮಂತವಾಗಿರುವ ದೇಶಗಳು ಈ ರೋಗವನ್ನು ಹಿಮ್ಮೆಟ್ಟಿಸಿದ್ದು ಮನೆಯೊಳಗೇ ಬರುವ ನಿರಂತರ ನೀರು, ನೆಲದಡಿಯ ಒಳಚರಂಡಿ, ಗಾರೆಯ ನೆಲ ಎಲ್ಲವನ್ನೂ ಇಡೀ ಊರಿಗೆ ಒಟ್ಟಾಗಿ ಒದಗಿಸಿ.

ರೋಗಾಣು ಮತ್ತು ಲಸಿಕೆ

ಆಫ್ರಿಕಾ ಮತ್ತು ಏಷ್ಯಾದ ಏಳು ಕೇಂದ್ರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ‘ಜೆಮ್ಸ್’ ಅಧ್ಯಯನ ಈ ಕ್ಷೇತ್ರದ ಹೆಗ್ಗುರುತು. ಭಾರತದ ಕೇಂದ್ರ ಕೋಲ್ಕತ್ತವಾಗಿತ್ತು. ಭೇದಿಯಿಂದ ನರಳುವ 9,439 ಮಕ್ಕಳನ್ನೂ ಭೇದಿಯಿಲ್ಲದ 13,129 ಮಕ್ಕಳನ್ನೂ ಹೋಲಿಸಿ ನೋಡಿದಾಗ ನಾಲ್ಕು ರೋಗಾಣುಗಳು ಮುಂಚೂಣಿಯಲ್ಲಿ ಕಂಡವು: ರೋಟಾ ವೈರಸ್, ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ, ವಿಷ ಸ್ರವಿಸುವ ಒಂದು ಬಗೆಯ ಇ. ಕೋಲಿ, ಶಿಗೆಲ್ಲಾ. ಕ್ರಿಪ್ಟೋಸ್ಪೊರಿಡಿಯಂ ಕ್ಲೋರಿನ್‌ಗೆ ಸುಲಭವಾಗಿ ಬಗ್ಗದು. ಆತಂಕದ ಮತ್ತೊಂದು ಸಂಗತಿಯೆಂದರೆ ಭೇದಿಯಾದ ಮಕ್ಕಳಲ್ಲಿ ಶೇ. 83ರ ಮಲದಲ್ಲಿ ರೋಗಾಣು ಸಿಕ್ಕಿದರೆ, ಆರೋಗ್ಯವಾಗಿ ಕಂಡ ಮಕ್ಕಳಲ್ಲೂ ಶೇ. 72ರಲ್ಲಿ ಸಿಕ್ಕಿತು. ಅಂಥ ಊರುಗಳಲ್ಲಿ ಮಗುವಿನ ಕರುಳು ರೋಗಾಣುವಿಲ್ಲದೆ ಇರುವ ದಿನಗಳೇ ಕಡಿಮೆ.

ರೋಟಾ ವೈರಸ್ಸನ್ನು 1973ರಲ್ಲಿ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಅವರ ಸಂಗಡಿಗರು ಪತ್ತೆಹಚ್ಚಿದರು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ಎಂ. ಕೆ. ಭಾನ್ ತಂಡ ನವಜಾತ ಶಿಶುಗಳಲ್ಲಿ ಕಾಯಿಲೆ ತರದ ಒಂದು ತಳಿಯನ್ನು 1980ರ ದಶಕದ ಮಧ್ಯದಲ್ಲಿ ಗುರುತಿಸಿತು. ಹೀಗೆಯೇ ರೋಗಲಕ್ಷಣ ತೋರದ ಬೆಂಗಳೂರಿನ ನವಜಾತ ಶಿಶುಗಳಲ್ಲಿ ಸಿಕ್ಕ ಇನ್ನೊಂದು ತಳಿಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಸಿ. ದುರ್ಗಾ ರಾವ್ ಅಧ್ಯಯನ ಮಾಡಿದರು. ದೆಹಲಿಯ ತಳಿ ‘ರೋಟಾವ್ಯಾಕ್’ ಲಸಿಕೆಯಾಯಿತು. 2016ರಲ್ಲಿ ನಾಲ್ಕು ರಾಜ್ಯಗಳಿಂದ ಆರಂಭವಾದ ರೋಟಾ ವೈರಸ್ ಲಸಿಕೆ ಕಾರ್ಯಕ್ರಮ 2019ರಲ್ಲಿ ಕರ್ನಾಟಕವನ್ನೂ ಒಳಗೊಂಡು ದೇಶಕ್ಕೆಲ್ಲ ಹರಡಿತು; ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಬಾಯಿಗೆ ಹಾಕುತ್ತಾರೆ. ಅದನ್ನು ತಪ್ಪಿಸುವುದೇ ಈಗ ಒಂದು ಅಪಾಯಕಾರಕ ಅಂಶ. ಬಡ ದೇಶಗಳಲ್ಲಿ ಈ ಬಗೆಯ ಲಸಿಕೆಗಳು ತೀವ್ರ ರೋಟಾ ಭೇದಿಯನ್ನು ಸುಮಾರು ಅರ್ಧದಷ್ಟು ತಡೆಯುತ್ತವೆ, ಶ್ರೀಮಂತ ದೇಶಗಳಲ್ಲಿ ಅದಕ್ಕಿಂತ ಬಹಳ ಹೆಚ್ಚು. ಸ್ವಾಭಾವಿಕ ಸೋಂಕಿನಲ್ಲೂ ಇದೇ ವ್ಯತ್ಯಾಸ: ಮೆಕ್ಸಿಕೋದ ಮಕ್ಕಳಿಗೆ ಎರಡು ಸೋಂಕಿನ ನಂತರ ತೀವ್ರ ಕಾಯಿಲೆಯಿಂದ ಪೂರ್ಣ ರಕ್ಷಣೆ ಸಿಕ್ಕಿದರೆ, ವೆಲ್ಲೂರಿನ ಮಕ್ಕಳಿಗೆ ಮೂರು ಸೋಂಕಿನ ನಂತರವೂ ಸಿಕ್ಕಿದ್ದು ಶೇ. 79. ಪದೇ ಪದೇ ಘಾಸಿಗೊಂಡ ಕರುಳು ಲಸಿಕೆಗೂ ಸರಿಯಾಗಿ ಸ್ಪಂದಿಸದು ಎಂಬುದು ಇದಕ್ಕೆ ಕೊಡುವ ಕಾರಣಗಳಲ್ಲಿ ಒಂದು.

ದಡಾರವೂ ಭೇದಿಗೆ ದಾರಿ. ದಡಾರ ಬಂದುಹೋದ ಮಗುವಿನ ರೋಗನಿರೋಧಕ ಶಕ್ತಿ ವಾರಗಟ್ಟಲೆ ಕುಸಿದಿರುತ್ತದೆ, ಆ ಅವಧಿಯ ಭೇದಿ ಕಠಿಣವಾಗಿರುತ್ತದೆ. ಎಚ್‌ಐವಿ ಸೋಂಕಿತ ಮಕ್ಕಳಲ್ಲೂ ಹೀಗೆಯೇ. ಅನಗತ್ಯ ಆಂಟಿಬಯಾಟಿಕ್ ಕೂಡ ಕರುಳಿನ ಹಿತಕರ ಬ್ಯಾಕ್ಟೀರಿಯಾಗಳನ್ನು ಕೊಂದು ಮುಂದಿನ ಭೇದಿಗೆ ದಾರಿ ಮಾಡುತ್ತದೆ. ವೆಲ್ಲೂರಿನ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನದಲ್ಲಿ, ಭೇದಿಗೆ ಆಂಟಿಬಯಾಟಿಕ್ ಪಡೆದವರಿಗೆ ಮತ್ತೊಮ್ಮೆ ಭೇದಿ ಬೇಗನೆ ಮರುಕಳಿಸಿತು.

ಅಪೌಷ್ಟಿಕತೆ, ಬಡತನ, ಋತು

ಸೊರಗಿದ ಮಗುವಿಗೆ ಭೇದಿ ಹೆಚ್ಚು ದಿನ ಇರುತ್ತದೆ. ಭೇದಿಯಾದ ಮಗು ಇನ್ನಷ್ಟು ಸೊರಗುತ್ತದೆ. ಇದನ್ನು ಸ್ಕ್ರಿಮ್‌ಶಾ, ಟೇಲರ್ ಮತ್ತು ಗಾರ್ಡನ್ 1968ರ ವಿಶ್ವ ಆರೋಗ್ಯ ಸಂಸ್ಥೆಯ ಗ್ರಂಥದಲ್ಲೇ ವಿವರಿಸಿದ್ದರು. ಹಲವು ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಎರಡು ವರ್ಷದೊಳಗೆ ಬಂದ ಪ್ರತಿ ಐದು ಭೇದಿಗಳಿಗೆ ಮಗು ಕುಳ್ಳಾಗುವ ಸಂಭವ ಶೇ. 13ರಷ್ಟು ಏರುತ್ತಿತ್ತು. ಭಾರತದ ಐದು ವರ್ಷದೊಳಗಿನ ಶೇ. 35.5 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಸತುವಿನ ಕೊರತೆ ಇಲ್ಲಿ ವಿಶೇಷವಾಗಿ ಹಾನಿ ಮಾಡುತ್ತದೆ. ಕರುಳಿನ ಪದರ ದುರಸ್ತಿಯಾಗಲು ಸತು ಬೇಕು, ಅದು ಭೇದಿಯಲ್ಲಿ ಹೊರಟುಹೋಗುತ್ತದೆ, ರಾಗಿ ಅನ್ನಗಳನ್ನೇ ಹೆಚ್ಚಾಗಿ ತಿನ್ನುವ ಮಗುವಿಗೆ ಧಾನ್ಯದ ಫೈಟೇಟ್ ಅಂಶ ಅದನ್ನು ಹೀರಿಕೊಳ್ಳಲು ಬಿಡುವುದಿಲ್ಲ.

ಋತುಮಾನದ ವಿಷಯ ಸರಳ. ರೋಟಾ ವೈರಸ್ ಚಳಿಗಾಲದಲ್ಲಿ, ಬ್ಯಾಕ್ಟೀರಿಯಾ ಭೇದಿ ಬೇಸಿಗೆಯಲ್ಲಿ ಮತ್ತು ಮುಂಗಾರಿನ ಮೊದಲ ಮಳೆಗಳಲ್ಲಿ ಏರುತ್ತದೆ. ಬಯಲುಸೀಮೆಯಲ್ಲಿ ಕೊಳವೆ ಬಾವಿ ಬತ್ತಿ ಟ್ಯಾಂಕರ್ ನೀರಿಗೆ ಕಾಯುವ ತಿಂಗಳುಗಳೂ ಅಷ್ಟೇ ಕೆಟ್ಟವು.

ಬಡತನ ಈ ಎಲ್ಲದರ ಹಿಂದೆ ನಿಂತಿದೆ. ಬೆಂಗಳೂರಿನ ಕಟ್ಟಡ ಕಾಮಗಾರಿಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ, ಉತ್ತರ ಕರ್ನಾಟಕದಿಂದಲೂ ಹೊರ ರಾಜ್ಯಗಳಿಂದಲೂ ಬಂದ ಕೂಲಿಕಾರರ ಕೂಸುಗಳು ಏಳೆಂಟು ವರ್ಷದ ಅಕ್ಕಂದಿರ ಸೊಂಟದ ಮೇಲೆ ಬೆಳೆಯುತ್ತವೆ. ಆ ಅಕ್ಕನಿಗೆ ಕೈ ತೊಳೆಯುವ ಪಾಠ ಹೇಳುವುದಕ್ಕಿಂತ ಮೊದಲು ಅವಳು ಶಾಲೆಯಲ್ಲಿರಬೇಕಿತ್ತು, ಕೂಸು ಶಿಶುವಿಹಾರದಲ್ಲಿರಬೇಕಿತ್ತು. ತಾಯಿಯ ಓದು ಮಗುವಿನ ಭೇದಿಯನ್ನು ತಪ್ಪಿಸುವುದಕ್ಕಿಂತಲೂ ಭೇದಿಯಾದಾಗ ಬೇಗ ಗುರುತಿಸಿ ನೆರವು ಪಡೆಯುವುದರಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಸಾವಿಗೆ ಒಯ್ಯುವ ಅಂಶಗಳು

ಭೇದಿಯಾದ ಮಗು ಸಾಯುವುದು ಮುಖ್ಯವಾಗಿ ನೀರು ಮತ್ತು ಲವಣ ಕಳೆದುಕೊಂಡು. ಕಣ್ಣು ಗುಳಿಬೀಳುವುದು, ನೆತ್ತಿಯ ಸುಳಿ ಕುಸಿಯುವುದು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮೆಲ್ಲಗೆ ಹಿಂದಕ್ಕೆ ಹೋಗುವುದು, ಮಗು ಮಂಕಾಗಿ ಕುಡಿಯಲೂ ಆಗದಿರುವುದು ಅಪಾಯದ ಗುರುತುಗಳು. ಇದಕ್ಕೆ ಪರಿಹಾರ ಸಿಕ್ಕಿ ಅರ್ಧ ಶತಮಾನ ಕಳೆಯಿತು. 1971ರ ಬಾಂಗ್ಲಾ ವಿಮೋಚನೆಯ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಹಾಕುವ ದ್ರವ ಮುಗಿದುಹೋದಾಗ, ಡಾ. ದಿಲೀಪ್ ಮಹಲನಬೀಸ್ ಸಕ್ಕರೆ ಮತ್ತು ಲವಣಗಳ ದ್ರಾವಣವನ್ನು ಬಾಯಿಂದಲೇ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 3ರ ಆಸುಪಾಸಿಗೆ ಇಳಿಯಿತು. ಅದೇ ಓಆರ್‌ಎಸ್. ಅದರ ಲವಣಾಂಶ ತಗ್ಗಿಸಿದ ಈಗಿನ ಸೂತ್ರ 2002ರದ್ದು. 2023ರಲ್ಲಿ ಮಹಲನಬೀಸ್ ಅವರಿಗೆ ಮರಣೋತ್ತರ ಪದ್ಮವಿಭೂಷಣ ಸಂದಿತು.

ಐದನೆಯ ಸಮೀಕ್ಷೆಯ ಹೊತ್ತಿಗೂ ಭಾರತದಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ಶೇ. 60.6 ಮಂದಿಗೆ, ಸತು ಸಿಕ್ಕಿದ್ದು ಶೇ. 30.5 ಮಂದಿಗೆ. ಮಗುವಿಗೆ ಭೇದಿಯಾದಾಗ ನೀರು ಕೊಟ್ಟರೆ ಇನ್ನೂ ಹೆಚ್ಚಾಗುತ್ತದೆ, ಹಾಲು ಜೀರ್ಣವಾಗದು, ಹೊಟ್ಟೆ ಖಾಲಿ ಬಿಡಬೇಕು ಎಂಬ ಮಾತು ಅನೇಕ ಮನೆಗಳಲ್ಲಿ ಕೇಳುತ್ತದೆ. ಅದು ಮಗುವನ್ನು ಒಳಗೂ ಹೊರಗೂ ಒಣಗಿಸುತ್ತದೆ. ಎದೆಹಾಲು, ಗಂಜಿ, ಮಜ್ಜಿಗೆ, ಬೇಳೆಕಟ್ಟು, ಊಟ ಯಾವುದನ್ನೂ ವಯಸ್ಸಿಗೆ ತಕ್ಕಂತೆ ಕೊಡುವುದನ್ನು ನಿಲ್ಲಿಸಬಾರದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸಬಹುದು. ಭೇದಿಯನ್ನು ಥಟ್ಟನೆ ಕಟ್ಟುವ ಮಾತ್ರೆಗಳು ಎಳೆಯ ಮಕ್ಕಳಿಗೆ ಅಪಾಯಕಾರಿ. ಸಕ್ಕರೆ ತುಂಬಿದ ಹಣ್ಣಿನ ಪಾನೀಯಗಳನ್ನು ಓಆರ್‌ಎಸ್ ಎಂಬ ಹೆಸರಿನಲ್ಲಿ ಮಾರುವುದೂ ಇತ್ತೀಚಿನವರೆಗೆ ನಡೆದಿತ್ತು. ಅತಿಯಾದ ಸಕ್ಕರೆ ಕರುಳಿಗೆ ನೀರೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಆ ಹೆಸರು ಬಳಸುವುದನ್ನು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು.

ಭೇದಿ ನಿಂತರೂ ಅಪಾಯ ನಿಲ್ಲುವುದಿಲ್ಲ. ಜೆಮ್ಸ್ ಅಧ್ಯಯನದಲ್ಲಿ ಭೇದಿಯಾದ ಮಕ್ಕಳು ಮುಂದಿನ ಎರಡು ತಿಂಗಳೊಳಗೆ ಸಾಯುವ ಸಂಭವ ಉಳಿದ ಮಕ್ಕಳಿಗಿಂತ ಎಂಟೂವರೆ ಪಟ್ಟು ಹೆಚ್ಚಿತ್ತು. ಅಂಥ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಸ್ಪತ್ರೆಗೆ ಬಂದ ಒಂದು ವಾರ ಕಳೆದ ಮೇಲೆ ನಡೆದವು, ಬಹಳಷ್ಟು ಮನೆಯಲ್ಲಿ. ಇದನ್ನು ಔಷಧದಿಂದ ತಡೆಯಬಹುದೇ ಎಂದು ಭಾರತವೂ ಸೇರಿದ ಏಳು ದೇಶಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಅಜಿತ್ರೊಮೈಸಿನ್ ಕೊಟ್ಟು ನೋಡಿದ ಪ್ರಯೋಗ 2021ರಲ್ಲಿ ಪ್ರಕಟವಾಯಿತು, ಸಾವು ಕಡಿಮೆಯಾಗಲಿಲ್ಲ. ಹಾಗಾಗಿ ಸದ್ಯಕ್ಕೆ ಇರುವ ದಾರಿ ಹಳೆಯದೇ: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಎಳೆಯದಕ್ಕೆ 10 ಮಿಲಿಗ್ರಾಂ ಸತುವಿನ ಮಾತ್ರೆಯನ್ನು ಭೇದಿ ನಿಂತ ಮೇಲೂ ಬಿಡದೆ ಹತ್ತರಿಂದ ಹದಿನಾಲ್ಕು ದಿನ ಕೊಡುವುದು, ಊಟ ಶುರುಮಾಡಿದ ಮಗುವಿಗೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚು ಉಣಿಸುವುದು, ಆಶಾ ಕಾರ್ಯಕರ್ತೆ ಮತ್ತೊಮ್ಮೆ ಮನೆಗೆ ಬಂದು ನೋಡುವುದು, ಅಂಗನವಾಡಿಯ ತಕ್ಕಡಿಯಲ್ಲಿ ಮಗುವಿನ ತೂಕ ಮೊದಲಿನ ಮಟ್ಟಕ್ಕೆ ಏರಿತೇ ಎಂದು ಪರೀಕ್ಷಿಸುವುದು.